ಅರಣ್ಯ ಮೌಲ್ಯಮಾಪನ: ಒಂದು ಚಾರಿತ್ರಿಕ ಅವಲೋಕನ

ಅರಣ್ಯವನ್ನು ನಾಟಾದ ಲೆಕ್ಕದಲ್ಲಿ ಅಳೆಯುವುದು ವಸಾಹತು ಆಡಳಿತ ಬಿಟ್ಟುಹೋದ ರೂಢಿ. ಸಾಗುವಾನಿಗೆ, ಬೀಟೆಗೆ ದರವಿತ್ತು. ಅವುಗಳ ಬುಡದಲ್ಲಿ ಇಂಗಿದ ನೀರಿಗೆ ಇರಲಿಲ್ಲ. ಈ ರೂಢಿಗೆ ಎದುರಾಗಿ 1979ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಟಿ.ಎಂ. ದಾಸ್ ಅವರು, ಐವತ್ತು ವರ್ಷಗಳಲ್ಲಿ ಮರವೊಂದು ಸಲ್ಲಿಸುವ ಸೇವೆಯ ಮೌಲ್ಯ 15.70 ಲಕ್ಷ ರೂಪಾಯಿ ಎಂದು ಗಣಿಸಿದರು. ಆಮ್ಲಜನಕಕ್ಕೆ 2.5 ಲಕ್ಷ, ವಾಯುಮಾಲಿನ್ಯ ತಡೆಗೆ 5 ಲಕ್ಷ, ನೀರಿನ ಮರುಬಳಕೆಗೆ 3 ಲಕ್ಷ ಎಂಬಿತ್ಯಾದಿ ಬಾಬುಗಳು ಅದರಲ್ಲಿದ್ದವು. ನಾಟಾ, ಹಣ್ಣು, ಹೂವುಗಳ ಬೆಲೆ ಸೇರಿರಲಿಲ್ಲ. ವಾತಾವರಣದಲ್ಲಿ ಹೇರಳವಾಗಿರುವ ಆಮ್ಲಜನಕಕ್ಕೆ ಬೆಲೆ ಕಟ್ಟುವ ಈ ಕ್ರಮ ಅರ್ಥಶಾಸ್ತ್ರದ ದೃಷ್ಟಿಯಿಂದ ದುರ್ಬಲವೇ. ಆದರೂ ಕಾಡಿನ ಸೇವೆಯನ್ನು ಲೆಕ್ಕಕ್ಕೆ ತರಬೇಕೆಂಬ ವಾದಕ್ಕೆ ಅದು ಬಲ ನೀಡಿತು.

ಆ ವಾದಕ್ಕೆ ಕಾನೂನಿನ ರೂಪ ದೊರೆತದ್ದು ನ್ಯಾಯಾಲಯದಲ್ಲಿ. ನೀಲಗಿರಿಯ ಗೂಡಲೂರಿನ ಕಾಡುಗಳನ್ನು ಕುರಿತು ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ಹೂಡಿದ ಮೊಕದ್ದಮೆ ಕ್ರಮೇಣ ಇಡೀ ದೇಶದ ಅರಣ್ಯಗಳನ್ನು ವ್ಯಾಪಿಸಿತು. ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಪಡೆಯುವವರು ಅದರ 'ನಿವ್ವಳ ಪ್ರಸ್ತುತ ಮೌಲ್ಯ'ವನ್ನು, ಎಂದರೆ ಮುಂಬರುವ ವರ್ಷಗಳ ಪ್ರಯೋಜನವನ್ನು ಇಂದಿನ ಬೆಲೆಗೆ ಇಳಿಸಿದ ಮೊತ್ತವನ್ನು, ತೆರಬೇಕೆಂದು 2002ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಅದೇ ತಿಂಗಳಲ್ಲಿ, ಅದೇ ಮೊಕದ್ದಮೆಯ ಅಂಗವಾಗಿ, ಕುದುರೆಮುಖದ ಗಣಿಗಾರಿಕೆಗೆ 2005ರ ಅಂತ್ಯದ ಗಡುವನ್ನೂ ವಿಧಿಸಿತು. ಒಂದೆಡೆ ಬೆಲೆ, ಇನ್ನೊಂದೆಡೆ ನಿಷೇಧ!

ಕಾಂಚನ್ ಚೋಪ್ರಾ ಸಮಿತಿ 2006ರಲ್ಲಿ ವರದಿ ನೀಡಿದ ತರುವಾಯ, 2008ರ ಮಾರ್ಚ್‌ನಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ದರ ನಿಗದಿಯಾಯಿತು. ಅಭಯಾರಣ್ಯಗಳಿಗೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನಗಳಿಗೆ ಹತ್ತು ಪಟ್ಟು. 2022ರ ಪರಿಷ್ಕರಣೆಯಲ್ಲಿ ಗರಿಷ್ಠ ದರ 15.95 ಲಕ್ಷಕ್ಕೇರಿತು. ದಾಸ್ ಅವರು ನಾಲ್ಕು ದಶಕಗಳ ಹಿಂದೆ ಒಂದೇ ಮರಕ್ಕೆ ಕಟ್ಟಿದ ಬೆಲೆಗಿಂತ ಇದು ಹೆಚ್ಚೇನಲ್ಲ. ಮರವನ್ನು ಉಳಿಸಲೆಂದು ಹೇಳಿದ ಬೆಲೆಗೂ ಕಾಡನ್ನು ಬಿಟ್ಟುಕೊಡುವಾಗ ಪಡೆಯುವ ಬೆಲೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಪಟ್ಟಿಯಲ್ಲಿ ಮಲೆನಾಡಿನ ನಿತ್ಯಹರಿದ್ವರ್ಣ ಕಾಡುಗಳಿಗೆ ಮೊದಲ ಸ್ಥಾನ. ಕನಿಷ್ಠ ದರ ಸಂದದ್ದು ಮುಳ್ಳುಕಂಟಿ ಕಾಡುಗಳಿರುವ ವರ್ಗಕ್ಕೆ. ಚಿತ್ರದುರ್ಗ, ಬಳ್ಳಾರಿ ಸೀಮೆಯ ಕುರುಚಲು ಆ ಬಗೆಯದು. ಕುರಿಗಾಹಿಗಳಿಗೆ ಬೇಸಗೆಯಲ್ಲಿ ಅದೇ ಆಸರೆ. ಅದನ್ನು ಕಳೆದುಕೊಳ್ಳುವವರು ಅವರು. ಆದರೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯನ್ವಯ, ಸಂದಾಯವಾದ ಹಣದಲ್ಲಿ ಶೇ. 90 ರಾಜ್ಯದ ನಿಧಿಗೂ ಶೇ. 10 ರಾಷ್ಟ್ರೀಯ ನಿಧಿಗೂ ಸೇರುತ್ತದೆ.