ಪಾಲನೆಯ ಎರಡು ಬದುಕು

ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಆಳವಾಗಿ ಬೇರೂರಿರುವ ‘ಪಾಲನೆ’ ಎಂಬ ಪದ ನಿಯಮ ಪಾಲನೆ, ಸಮಯ ಪಾಲನೆ ಎನ್ನುವಾಗ ಕಟ್ಟಳೆಗೆ ತಪ್ಪದೆ ನಡೆಯುವುದನ್ನು ಸೂಚಿಸಿದರೆ, ಲಾಲನೆ-ಪಾಲನೆ ಎಂಬ ಜೋಡಿಯಲ್ಲಿ ಮಗುವನ್ನು ಎತ್ತಿ ಆಡಿಸಿ, ಉಣಿಸಿ ಬೆಳೆಸುವುದನ್ನು ಹೇಳುತ್ತದೆ. ಉತ್ತರ ಕರ್ನಾಟಕದ ಶಾಲೆಗಳಲ್ಲಿ ತಂದೆತಾಯಿಗಳು ‘ಪಾಲಕರು’ ಎನಿಸಿಕೊಳ್ಳುವುದು ಈ ಎರಡನೆಯ ಅರ್ಥದಿಂದಲೇ. ಕ್ರೈಸ್ತ ಸಮುದಾಯ ಈ ಪದವನ್ನು ತನ್ನ ಸೇವೆಗೆ ಹೆಸರಾಗಿಸಿಕೊಂಡಾಗ ಎರಡು ಅರ್ಥಗಳೂ ಒಟ್ಟಿಗೇ ಒಳಬಂದವು. ಪ್ರಾಟೆಸ್ಟೆಂಟ್ ಸಭೆಯ, ಎಂದರೆ ವಿಶ್ವಾಸಿಗಳ ಸ್ಥಳೀಯ ಕೂಟದ, ಹೊಣೆ ಹೊತ್ತವರು ಸಭಾಪಾಲಕರು. ಕರಾವಳಿಯ ಕಥೋಲಿಕ ಚರ್ಚುಗಳಲ್ಲಿ ಧರ್ಮಗುರುಗಳೊಡನೆ ಕೆಲಸ ಮಾಡುವ ಭಕ್ತರ ಪ್ರತಿನಿಧಿಗಳ ಮಂಡಳಿ ಪಾಲನಾ ಸಮಿತಿ. ಲೆಕ್ಕಪತ್ರ, ಕಟ್ಟಡ, ವಾರ್ಷಿಕೋತ್ಸವಗಳ ನಡುವೆ ಮೊದಲ ಅರ್ಥವೇ ಮುಂದಾಗಿ ಎರಡನೆಯದು ಹಿಂದೆ ಸರಿಯುವ ಅಪಾಯ ಎಲ್ಲ ಕಾಲದಲ್ಲೂ ಇದೆ.

ಈ ಸೇವೆಗೆ ಆಧಾರವಾಗಿರುವ ಪಠ್ಯ ಮಾತ್ರ ಎರಡನೆಯ ಅರ್ಥದ ಕಡೆಗೇ ಒಲಿದಿದೆ. ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಪುನರುತ್ಥಾನದ ಅನಂತರ ಯೇಸು ಸರೋವರದ ದಡದಲ್ಲಿ, ಹಿಂದೆ ತನ್ನನ್ನು ಮೂರು ಬಾರಿ ಅಲ್ಲಗಳೆದಿದ್ದ ಶಿಷ್ಯ ಪೇತ್ರನನ್ನು, ಪ್ರೀತಿ ಇದೆಯೇ ಎಂದು ಮೂರು ಬಾರಿ ಕೇಳಿ, ಪ್ರತಿ ಉತ್ತರಕ್ಕೂ ಕುರಿಗಳ ಹೊಣೆಯನ್ನು ಒಪ್ಪಿಸುತ್ತಾನೆ. ಗ್ರೀಕ್ ಮೂಲದಲ್ಲಿ ಮೊದಲಿಗೂ ಕೊನೆಗೂ ಬರುವುದು ‘ಮೇಯಿಸು’ ಎಂಬ ಅರ್ಥದ ಕ್ರಿಯಾಪದ. ಕಾಯುವುದು, ನಡೆಸುವುದು ಎಲ್ಲವನ್ನೂ ಒಳಗೊಂಡ ಇನ್ನೊಂದು ಕ್ರಿಯಾಪದ ನಡುವೆ ಒಮ್ಮೆ ಮಾತ್ರ ಬರುತ್ತದೆ. ಜ್ಞಾನವನ್ನಾಗಲಿ ಆಡಳಿತ ಸಾಮರ್ಥ್ಯವನ್ನಾಗಲಿ ಅಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಯೇಸು ಕೇಳಿದ್ದು ತನ್ನ ಮೇಲಿನ ಪ್ರೀತಿಯನ್ನು, ಆದರೆ ಅದನ್ನು ತೋರಿಸಬೇಕಾದ ಜಾಗ ಇತರರ ಹಸಿವು. ಕ್ರೈಸ್ತ ಸೇವೆಯ ಕುರಿತ ಇಡೀ ಚಿಂತನೆಯಲ್ಲಿ ಇದಕ್ಕಿಂತ ಆಳವಾದ ಸೂತ್ರ ಸಿಗುವುದು ಕಷ್ಟ. ಹಳೆಯ ಒಡಂಬಡಿಕೆಯ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯ ಇದನ್ನೇ ಎದುರು ದಿಕ್ಕಿನಿಂದ ಹೇಳುತ್ತದೆ: ಅಲ್ಲಿ ಕುರುಬರ ಮೇಲಿನ ಆರೋಪವೆಂದರೆ ಅವರು ಕುರಿಯ ಉಣ್ಣೆಯನ್ನು ಹೊದ್ದು, ಕೊಬ್ಬಿದ ಕುರಿಯನ್ನು ಕೊಯ್ದು ತಿಂದು, ಗಾಯಗೊಂಡದ್ದಕ್ಕೆ ಕಟ್ಟು ಕಟ್ಟದೆ, ಕಳೆದುಹೋದದ್ದನ್ನು ಹುಡುಕದೆ ಉಳಿದರೆಂಬುದು.

ಕನ್ನಡ ಬೈಬಲು ಯೇಸುವಿಗೆ ‘ಕುರುಬ’ ಎಂಬ ನೆಲದ ಮಾತನ್ನೇ ಬಳಸಿರುವುದು ಓದುಗರ ಭಾಗ್ಯ. ಮಂದೆಯೊಡನೆ ಊರೂರು ಅಲೆದು, ಹೊಲದಲ್ಲೇ ರಾತ್ರಿ ಕಳೆಯುವವರನ್ನು ಕಂಡಿರುವ ಈ ನಾಡಿಗೆ ಆ ಪದ ಬರಿಯ ರೂಪಕವಲ್ಲ. ಪೋಪ್ ಫ್ರಾನ್ಸಿಸ್ 2013ರಲ್ಲಿ, ಕುರಿಯ ವಾಸನೆ ಮೈಗೆ ಹತ್ತಿದ ಕುರುಬರಾಗಿರಬೇಕೆಂದು ಧರ್ಮಗುರುಗಳನ್ನು ಕೇಳಿಕೊಂಡಾಗ, ಅದರ ಅರ್ಥ ಇಲ್ಲಿಯವರಿಗೆ ವಿವರಣೆಯಿಲ್ಲದೆ ಹೊಳೆಯುವಂಥದು.

ವಾಸನೆ ಹತ್ತುವಷ್ಟು ಹತ್ತಿರವಿರುವುದಕ್ಕೆ ಸಮಯ ಬೇಕು. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಪಟ್ಟಣದ ಬೋಧಕ ರಿಚರ್ಡ್ ಬ್ಯಾಕ್ಸ್‌ಟರ್ 1656ರ ತನ್ನ ‘ದಿ ರಿಫಾರ್ಮ್ಡ್ ಪಾಸ್ಟರ್’ ಪುಸ್ತಕದಲ್ಲಿ ತಿಳಿಸುವಂತೆ, ಅವನೂ ಅವನ ಸಹಾಯಕನೂ ವಾರಕ್ಕೆ ಎರಡು ದಿನ, ಬೆಳಗಿನಿಂದ ಹೆಚ್ಚುಕಡಿಮೆ ರಾತ್ರಿಯವರೆಗೆ, ಹದಿನೈದು ಹದಿನಾರು ಕುಟುಂಬಗಳೊಡನೆ ಒಂದೊಂದಾಗಿ ಮಾತನಾಡಿ, 800ಕ್ಕೂ ಹೆಚ್ಚು ಕುಟುಂಬಗಳನ್ನು ವರ್ಷದಲ್ಲಿ ಮುಟ್ಟಲು ಶ್ರಮಿಸುತ್ತಿದ್ದರು. ಆ ಮಾತುಕತೆಯ ಹೂರಣ ಧರ್ಮಬೋಧೆಯೇ ಆಗಿದ್ದರೂ, ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಅರಿಯದೆ ಬೋಧಿಸಲಾಗದು ಎಂಬುದು ಅದರ ಹಿಂದಿದ್ದ ನಂಬಿಕೆ. ಇಂದಿನ ಸಭಾಪಾಲಕರ ಮನೆಭೇಟಿಯೂ ಅದೇ ನಂಬಿಕೆಯಿಂದ ಹುಟ್ಟಿದ್ದು. ಭಾನುವಾರದ ಆರಾಧನೆಗೆ ಇನ್ನೆಂದೂ ಬರಲಾಗದ, ಕಾಣಿಕೆ ಕೊಡಲೂ ಆಗದ, ಹಾಸಿಗೆ ಹಿಡಿದ ವೃದ್ಧರ ಮನೆಗೆ ಹೋಗುವಾಗ ಆ ಭೇಟಿಯಲ್ಲಿ ಲಾಲನೆಯ ಜೊತೆಗಾರ ಪದವಾದ ಪಾಲನೆಯೇ ಇರುತ್ತದೆ, ಏಕೆಂದರೆ ಅಲ್ಲಿ ಸಭೆಯ ದಾಖಲೆಗೆ ಸೇರಿಸಿಕೊಳ್ಳುವಂಥದು ಏನೂ ಇರುವುದಿಲ್ಲ.