ಕಾರು ಓಡಿಸುವವರು ಮತ್ತೆ ಅಪ್ಪ-ಅಮ್ಮ ಆದದ್ದು

ಚರ್ಚಿಗೆ ಬರಲ್ಲ ಎನ್ನುವ ಮಗಳನ್ನು ಎಳೆದೊಯ್ಯಬೇಕೇ? ಮಗನ ಮೊಬೈಲು ಕಸಿದಿಡಬೇಕೇ? ಕ್ರೈಸ್ತ ತಂದೆತಾಯಂದಿರ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವ ಪುಸ್ತಕಗಳು ಕಪಾಟು ತುಂಬುವಷ್ಟಿವೆ. ಅವುಗಳಲ್ಲಿ ದೊಡ್ಡ ಪಾಲು ಅಮೆರಿಕದ್ದು.

1847ರಲ್ಲಿ ಹಾರ್ಟ್‌ಫರ್ಡ್‌ನ ಪಾದ್ರಿ ಹೊರೇಸ್ ಬುಶ್ನೆಲ್ ‘ಕ್ರಿಶ್ಚಿಯನ್ ನರ್ಚರ್’ ಬರೆದಾಗ ಅಲ್ಲಿ ಉಜ್ಜೀವನ ಸಭೆಗಳ ಕಾವು ಜೋರಾಗಿತ್ತು. ಪಾಪಿಯಾಗಿಯೇ ಬೆಳೆದ ಮಗು ಒಂದು ದಿನ ಅತ್ತು, ಪಶ್ಚಾತ್ತಾಪಪಟ್ಟು ಹೊಸದಾಗಿ ಹುಟ್ಟಬೇಕು ಎಂಬುದು ರೂಢಿಯ ನಂಬಿಕೆ. ಮನೆಯ ಗಾಳಿಯಲ್ಲೇ ಭಕ್ತಿಯಿದ್ದರೆ ಮಗು ಮೊದಲಿನಿಂದಲೂ ಕ್ರೈಸ್ತನಾಗಿಯೇ ಬೆಳೆಯುತ್ತದೆ ಎಂದ ಬುಶ್ನೆಲ್. ಟೀಕೆಯ ಬಿಸಿಗೆ ಪ್ರಕಾಶಕರು ಪುಸ್ತಕವನ್ನೇ ಹಿಂದಕ್ಕೆ ತೆಗೆದುಕೊಂಡರು.

ಬುಶ್ನೆಲ್‌ನ ಕಣ್ಣ ಮುಂದಿದ್ದದ್ದು ಎಳೆಯ ಮಗು. ಹದಿಹರೆಯವನ್ನು ಬೇರೆಯೇ ಒಂದು ಘಟ್ಟವೆಂದು ನೆಲೆಗೊಳಿಸಿದವನು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್, 1904ರ ಎರಡು ಸಂಪುಟಗಳಲ್ಲಿ. ಧಾರ್ಮಿಕ ಮನಃಪರಿವರ್ತನೆ ಹೆಚ್ಚಾಗಿ ಆಗುವುದು ಈ ವಯಸ್ಸಿನಲ್ಲೇ ಎಂದು ಅವನ ಶಿಷ್ಯ ಸ್ಟಾರ್‌ಬಕ್ 1899ರಲ್ಲೇ ತೋರಿಸಿದ್ದ. ಚರ್ಚುಗಳಿಗೆ ಇಷ್ಟು ಸಾಕಾಯಿತು. 1941ರಲ್ಲಿ ಟೆಕ್ಸಾಸ್‌ನಲ್ಲಿ ಜಿಮ್ ರೇಬರ್ನ್ ಹದಿಹರೆಯದವರಿಗಾಗಿ ‘ಯಂಗ್ ಲೈಫ್’ ಸಂಸ್ಥೆ ಕಟ್ಟಿದ. 1945ರ ಹೊತ್ತಿಗೆ ಬಿಲ್ಲಿ ಗ್ರಹಾಂ ‘ಯೂತ್ ಫಾರ್ ಕ್ರೈಸ್ಟ್’ ಸಂಸ್ಥೆಯ ಪೂರ್ಣಾವಧಿ ಪ್ರಚಾರಕ. ಹಾಡು, ಆಟ, ಶನಿವಾರದ ರ್ಯಾಲಿ. ಮಕ್ಕಳ ನಂಬಿಕೆ ಯುವನಾಯಕರ ಕೈಗೆ ಹೋಯಿತು. ಅಪ್ಪ-ಅಮ್ಮನಿಗೆ ಉಳಿದದ್ದು ಕಾರಿನಲ್ಲಿ ತಂದು ಬಿಟ್ಟು ಹೋಗುವ ಕೆಲಸ.

ಅವರನ್ನು ಮತ್ತೆ ಮುಂದಕ್ಕೆ ಕರೆದವರು ಮಕ್ಕಳ ಮನಶ್ಶಾಸ್ತ್ರಜ್ಞ ಜೇಮ್ಸ್ ಡಾಬ್ಸನ್. ಅರವತ್ತರ ದಶಕದ ಯುವಜನರ ಬಂಡಾಯಕ್ಕೆ ಬೆದರಿದ ಮನೆಗಳಿಗೆ 1970ರ ‘ಡೇರ್ ಟು ಡಿಸಿಪ್ಲಿನ್’ ಧೈರ್ಯ ತುಂಬಿತು. ಎಳೆಯರಿಗೆ ಏಟು ತಪ್ಪಲ್ಲ ಎಂಬ ಅದರ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ದೇಹ ಬದಲಾಗುವ ಮುಂಚೆಯೇ ಮಗುವಿನ ಜೊತೆ ಕೂತು ಎಲ್ಲವನ್ನೂ ಮಾತಾಡಿ ಎಂದು ಅವರು ಮುಂದೆ ಕೊಟ್ಟ ಸಲಹೆ ಅಪ್ಪಟ ವಿವೇಕದ್ದು. ಕೇಳಿದವರೆಷ್ಟೋ! 1993ರಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಮದುವೆವರೆಗೆ ಕಾಯುವ ಪ್ರತಿಜ್ಞಾ ಕಾರ್ಡುಗಳನ್ನು ಮಕ್ಕಳ ಕೈಗಿತ್ತರು. ಮಾತಿನ ಜಾಗಕ್ಕೆ ಸಹಿ ಬಂತು. ಸಹಿ ಹಾಕಿದವರಲ್ಲಿ ಲೈಂಗಿಕ ಸಂಬಂಧ ಸುಮಾರು 18 ತಿಂಗಳು ತಡವಾಯಿತು, ಪ್ರತಿಜ್ಞೆ ಮುರಿದವರಲ್ಲಿ ಗರ್ಭನಿರೋಧಕದ ಬಳಕೆ ಕಡಿಮೆಯಿತ್ತು ಎಂದು 2001ರಲ್ಲಿ ಬೇರ್‌ಮನ್ ಮತ್ತು ಬ್ರೂಕ್ನರ್ ಕಂಡುಕೊಂಡರು. 1997ರಲ್ಲಿ ಡೇಟಿಂಗ್ ವಿರುದ್ಧ ಬರೆದು ಹೆಸರಾದ ಜೋಶುವಾ ಹ್ಯಾರಿಸ್ 2018ರಲ್ಲಿ ಆ ಪುಸ್ತಕದ ಪ್ರಕಟಣೆಯನ್ನು ತಾವೇ ನಿಲ್ಲಿಸಿದರು.

ನಿಜವಾದ ತಿರುವು ತಂದದ್ದು ಸಮಾಜಶಾಸ್ತ್ರ. ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ ಅವರ ‘ಸೋಲ್ ಸರ್ಚಿಂಗ್’ (2005) 13ರಿಂದ 17 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಸಮೀಕ್ಷೆ. 267 ಮಂದಿಯ ಜೊತೆ ಎದುರುಬದುರು ಕೂತು ಮಾತು. ಮಕ್ಕಳೆಲ್ಲ ಧರ್ಮದ ವಿರುದ್ಧ ತಿರುಗಿಬಿದ್ದಿದ್ದಾರೆ ಎಂಬ ಭಯ ಸುಳ್ಳಾಯಿತು. ಹೆಚ್ಚಿನವರು ಮನೆಯ ನಂಬಿಕೆಯಲ್ಲೇ ಇದ್ದರು, ಆದರೆ ಅದೇನೆಂದು ಕೇಳಿದರೆ ತಡವರಿಸುತ್ತಿದ್ದರು. ಅವರ ದೇವರು, ಕಷ್ಟ ಬಂದಾಗ ಕರೆದರೆ ಬಂದು ಸಮಾಧಾನ ಮಾಡಿ ಹೋಗುವ ಸಭ್ಯ ನೆಂಟ. ಇದನ್ನು ಕಲಿತದ್ದಾದರೂ ಎಲ್ಲಿ? ಮನೆಯಲ್ಲೇ. ಮಕ್ಕಳ ಧಾರ್ಮಿಕ ಬದುಕಿನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ತಂದೆತಾಯಂದಿರದು ಎಂದಿತು ಅಧ್ಯಯನ. ಬುಶ್ನೆಲ್ ಗೆದ್ದ, ಆದರೆ ಖುಷಿಪಡುವಂಥ ಗೆಲುವಲ್ಲ.

ಮುಂದಿನ ಕೆಲಸಗಳು ಇದನ್ನೇ ಬಿಡಿಸಿ ನೋಡಿದವು. ಕಾರಾ ಪವೆಲ್ ಮತ್ತು ಚಾಪ್ ಕ್ಲಾರ್ಕ್ ಅವರ ‘ಸ್ಟಿಕಿ ಫೇತ್’ (2011) ಸಂಶಯವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಅವಕಾಶ ಇದ್ದ ಮಕ್ಕಳ ನಂಬಿಕೆ ಹೆಚ್ಚು ಗಟ್ಟಿ ಎಂದಿತು. ಹಲವು ತಲೆಮಾರುಗಳನ್ನು ಹಿಂಬಾಲಿಸಿದ ವರ್ನ್ ಬೆಂಗ್ಟ್‌ಸನ್ (2013) ಕಂಡದ್ದು ಅಪ್ಪನ ಅಕ್ಕರೆಯ ತೂಕ: ಭಕ್ತಿ ಎಷ್ಟಿದ್ದರೂ ಅಪ್ಪ ಬಿಗುಮಾನದವನಾದರೆ ಅದು ಮಕ್ಕಳಿಗೆ ದಾಟುವುದು ಕಷ್ಟ. ಮಗ ಈ ಹೊತ್ತು ಎಲ್ಲಿದ್ದಾನೆ ಎಂಬುದಕ್ಕಿಂತ ಅವನ ಬದುಕು ಎಲ್ಲಿಗೆ ಹೊರಟಿದೆ ಎಂದು ಕೇಳಿಕೊಳ್ಳಿ ಎಂದು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆಟಿಶಿಯಾ’ದಲ್ಲಿ ಬರೆದರು.

ಈ ಕಪಾಟು ನಮ್ಮೂರಿಗೆ ಬರುವಾಗ ಒಂದು ಲೆಕ್ಕ ತಪ್ಪುತ್ತದೆ. ಅಮೆರಿಕದ ಮಗು ಮನೆ ಬಿಡುವುದು ಸಾಮಾನ್ಯವಾಗಿ 18ಕ್ಕೆ; ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದೊಡನೆ ಎಷ್ಟೋ ಮಕ್ಕಳಿಗೆ ಪಿಯುಸಿ ಹಾಸ್ಟೆಲು. ಕರಾವಳಿಯ ಹಲವು ಮನೆಗಳಲ್ಲಿ ಅಪ್ಪ ಗಲ್ಫಿನಲ್ಲಿ. ಸಂಜೆಯ ತೇರ್ಸಿಗೆ, ಅಂದರೆ ಜಪಮಾಲೆ ಪ್ರಾರ್ಥನೆಗೆ, ಮೊಣಕಾಲೂರುವವರು ಅಮ್ಮ, ಅಜ್ಜಿ. ಇಂಥ ಮನೆಗಳಲ್ಲಿ ನಂಬಿಕೆ ಯಾರಿಂದ ಯಾರಿಗೆ ದಾಟುತ್ತದೆ ಎಂಬುದನ್ನು ಅಮೆರಿಕದ ಪುಸ್ತಕ ಹೇಳಲಾರದು. ನಮ್ಮ ಧರ್ಮಪ್ರಾಂತ್ಯಗಳು, ಸಭೆಗಳು, ಕ್ರೈಸ್ತ ಕಾಲೇಜುಗಳ ಸಮಾಜಶಾಸ್ತ್ರ ವಿಭಾಗಗಳು ಈ ಅಧ್ಯಯನಕ್ಕೆ ಕೈ ಹಾಕಲಿ. ಮೊದಲ ಪ್ರಶ್ನೆಯನ್ನು ಮಕ್ಕಳಿಗೇ ಕೇಳಲಿ.