ಎಣ್ಣೆಗೆಂಪಿನ ಕಥೆ

ದೀಪಾವಳಿಯ ರಜೆ ಕಳೆದು ಕಾಲೇಜು ತೆರೆದ ವಾರ. ಬಿ.ಎ. ಎರಡನೆಯ ವರ್ಷದವರಿಗೆ ಹಳಗನ್ನಡದ ಪಾಠ ಮುಗಿಸಿ ಅಧ್ಯಾಪಕರ ಕೊಠಡಿಗೆ ಹಿಂದಿರುಗುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು ಹಿಂದೆಯೇ ಬಂದು ಮೆಟ್ಟಿಲ ಬಳಿ ನಿಂತಳು. ಮುಖದ ಅರ್ಧವನ್ನು ದುಪಟ್ಟಾದಿಂದ ಮುಚ್ಚಿಕೊಂಡಿದ್ದಳು.

"ಮೇಡಂ, ನೀವು ಪಾಠ ಹೇಳುವ ಹಳೆಯ ಪುಸ್ತಕಗಳಲ್ಲಿ ಮೈ ಬೆಳ್ಳಗಾಗುವುದಕ್ಕೆ ಏನಾದರೂ ಮದ್ದು ಹೇಳಿದ್ದಾರೆಯೇ?"

ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ಇಂಥ ಪ್ರಶ್ನೆ ನನಗೆ ಬಂದಿರಲಿಲ್ಲ. ನಗಬೇಕೆನ್ನುವಷ್ಟರಲ್ಲಿ ಅವಳು ದುಪಟ್ಟಾ ಸರಿಸಿದಳು. ಕೆನ್ನೆಗಳೆರಡೂ ಕೆಂಪೇರಿ, ಚರ್ಮ ತೆಳುವಾಗಿ, ಒಳಗಿನ ಸಣ್ಣ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತಿದ್ದವು. ಬಂಧುಗಳೊಬ್ಬರು ಹೇಳಿದರೆಂದು ಔಷಧದಂಗಡಿಯಿಂದ ಮುಲಾಮು ತಂದು ಆರು ತಿಂಗಳಿಂದ ಹಚ್ಚಿಕೊಳ್ಳುತ್ತಿದ್ದಳಂತೆ. ಮೊದಲ ಕೆಲವು ವಾರ ಮುಖ ತಿಳಿಯಾಗಿ ಕಂಡಿತು. ಆಮೇಲೆ ಬಿಸಿಲಿಗೆ ಹೋದರೆ ಉರಿ. ಹಚ್ಚುವುದನ್ನು ಬಿಟ್ಟರೆ ಗುಳ್ಳೆ. ಮಾಘಮಾಸದಲ್ಲಿ ಹುಡುಗನ ಕಡೆಯವರು ನೋಡಲು ಬರುವವರಿದ್ದಾರೆ. ಇಂಗ್ಲಿಷ್ ಔಷಧ ಕೈಕೊಟ್ಟಿತು, ಇನ್ನು ನಮ್ಮ ಹಿರಿಯರ ಔಷಧವೇ ಗತಿಯೆಂದು ಅವಳು ನನ್ನ ಬಳಿಗೆ ಬಂದಿದ್ದಳು.

"ಮೊದಲು ಚರ್ಮರೋಗದ ವೈದ್ಯರನ್ನು ನೋಡಮ್ಮ. ಪುಸ್ತಕಗಳನ್ನು ನಾನು ನೋಡುತ್ತೇನೆ" ಎಂದು ಹೇಳಿ ಕಳುಹಿಸಿದೆ. ಮಾತು ಕೊಟ್ಟ ಮೇಲೆ ನೋಡದೆ ಇರಲಾಗಲಿಲ್ಲ. ನೋಡುತ್ತ ಹೋದಂತೆ, ಅವಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದಕ್ಕಿಂತ ಹೆಚ್ಚಾಗಿ, ಆ ಪ್ರಶ್ನೆ ಎಲ್ಲಿಂದ ಬಂತೆಂಬುದು ತಿಳಿಯಿತು.

ನಮ್ಮವರು ಮೈಯ ಆರೈಕೆಯನ್ನು ಅಲಕ್ಷಿಸಿದವರಲ್ಲ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಚರಕಸಂಹಿತೆ ದಿನಚರಿಯ ಭಾಗವಾಗಿಯೇ ಅಭ್ಯಂಗವನ್ನು ಹೇಳುತ್ತದೆ. ಎಣ್ಣೆ ಹಿಡಿದ ಮಡಕೆ, ಎಣ್ಣೆ ತಿಕ್ಕಿದ ತೊಗಲು, ಎಣ್ಣೆ ಹಾಕಿದ ಗಾಡಿಯ ಅಚ್ಚು ಇವು ಹೇಗೆ ಗಟ್ಟಿಯಾಗಿ ಬಾಳುತ್ತವೆಯೋ ಹಾಗೆ ಮೈಯೂ ಬಾಳುತ್ತದೆಂಬುದು ಅಲ್ಲಿನ ಹೋಲಿಕೆ. ಕುಂಬಾರ, ಚಮ್ಮಾರ, ಗಾಡಿಯವ ಮೂವರಿಗೂ ಅರ್ಥವಾಗುವ ಮಾತು. ಗಮನಿಸಿ, ಇಲ್ಲಿ ಬಣ್ಣ ಮುಖ್ಯವಲ್ಲ, ಬಾಳಿಕೆ ಮುಖ್ಯ. ವಾಗ್ಭಟನ ಅಷ್ಟಾಂಗಹೃದಯವೂ ಅಭ್ಯಂಗವನ್ನು ಹೊಗಳಿ, ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಹೇಳುತ್ತದೆ. ಆದರೆ ಅಜೀರ್ಣವಾದವರಿಗೂ ಕಫ ಹೆಚ್ಚಿದವರಿಗೂ ಅದು ಸಲ್ಲದೆಂದು ಅಲ್ಲೇ ಎಚ್ಚರಿಸುತ್ತದೆ. ಎಲ್ಲರಿಗೂ ಒಂದೇ ಮದ್ದೆಂದು ಹಿರಿಯರು ನಂಬಿರಲಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ 'ಲೋಕೋಪಕಾರ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನೇ ಬೇರೆ, ಈತನೇ ಬೇರೆ. ನೀರಿನ ಸೆಲೆ ಗುರುತಿಸುವುದು, ಮರಗಿಡಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ಮನುಷ್ಯರ ಚಿಕಿತ್ಸೆ, ದನಕರುಗಳ ಚಿಕಿತ್ಸೆ ಎಲ್ಲವೂ ಅದರಲ್ಲಿವೆ. ಹೆಸರೇ ಹೇಳುವಂತೆ ಅದು ಲೋಕದ ಬಳಕೆಗಾಗಿ ಹುಟ್ಟಿದ ಪುಸ್ತಕ. ಅಡುಗೆಮನೆ, ಹಿತ್ತಲು, ಕೊಟ್ಟಿಗೆ, ಸ್ನಾನಗೃಹಗಳ ವಿದ್ಯೆಗಳು ಆಗ ಒಂದೇ ಹೊದಿಕೆಯೊಳಗೆ ಇದ್ದವು.

ಅದಕ್ಕೆ ನೂರು ವರ್ಷದ ಮೇಲೆ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಐದು ಭಾಗ, ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಸ್ನಾನ, ವಿಲೇಪನ, ಪಾದಾಭ್ಯಂಗಗಳನ್ನು ಅರಸನ ಭೋಗಗಳಾಗಿ ವರ್ಣಿಸಿದೆ. ಹೂವಿನ ಪರಿಮಳ ಹಿಡಿಸಿದ ಎಳ್ಳೆಣ್ಣೆ, ಅದನ್ನು ತಿಕ್ಕಲು ಕೈಗಳು, ಜಿಡ್ಡು ತೆಗೆಯಲು ಪುಡಿ, ಆಮೇಲೆ ಗಂಧದ ಲೇಪ. ಓದುವಾಗ ಸುಖವೆನಿಸುತ್ತದೆ. ಆದರೆ ಅರಸನೊಬ್ಬನ ಮೈ ಮಿರುಗಬೇಕಾದರೆ ಎಷ್ಟು ಕೈಗಳು ದುಡಿಯಬೇಕಾಗಿತ್ತು ಎಂಬ ಯೋಚನೆಯೂ ಬಾರದಿರದು.

ಆ ಅರಮನೆಯ ಸ್ನಾನದ ಬಡ ಸೋದರಿಯನ್ನು ನಾನು ನಮ್ಮ ಅಜ್ಜಿಯ ಮನೆಯಲ್ಲಿ ಕಂಡಿದ್ದೇನೆ. ನೀರು ತುಂಬುವ ಹಬ್ಬದ ಸಂಜೆ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಒಲೆಯ ಮೇಲಿಟ್ಟು ನೀರು ತುಂಬುತ್ತಿದ್ದರು. ನರಕಚತುರ್ದಶಿಯ ನಸುಕಿಗೆ ನಮ್ಮನ್ನೆಲ್ಲ ಮಣೆಯ ಮೇಲೆ ಕೂರಿಸಿ, ಅಜ್ಜಿ ಬೆಚ್ಚಗಿನ ಹರಳೆಣ್ಣೆಯನ್ನು ನೆತ್ತಿಗೆ ತಟ್ಟುತ್ತಿದ್ದರು. ತಲೆಗೆ ಸೀಗೆಪುಡಿ, ಚಿಗರೆಪುಡಿ, ಮೈಗೆ ಕಡಲೆಹಿಟ್ಟು, ಕಣ್ಣಿಗೆ ಬಿದ್ದ ಸೀಗೆಯ ಉರಿ ಬೇರೆ. ನಮ್ಮ ಅಳು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಒಂದೊಂದು ಮಗುವಿಗೂ ಅರ್ಧ ಗಂಟೆ. ಅಜ್ಜಿ ತಾವು ಎರೆದುಕೊಳ್ಳುವ ಹೊತ್ತಿಗೆ ಹಂಡೆಯ ನೀರು ತಣ್ಣಗಾಗಿರುತ್ತಿತ್ತು. ಬಾವಿಯಿಂದ ನೀರು ಸೇದಿ ತುಂಬಿದ ಹೆಂಗಸಿನ ಮಕ್ಕಳಿಗೆ ಎಣ್ಣೆನೀರು ದೊರೆಯಿತೇ ಎಂದು ನಾನಂತೂ ಆಗ ಕೇಳಿದವಳಲ್ಲ.

ಆದ್ದರಿಂದಲೇ ಸಾಬೂನನ್ನು ಸುಮ್ಮನೆ ಹಳಿಯಲು ನನಗೆ ಮನಸ್ಸಿಲ್ಲ. ಅದು ಕಡಿಮೆ ನೀರಿಗೆ, ಕಡಿಮೆ ಹೊತ್ತಿಗೆ, ಪರರ ಕೈಯ ಹಂಗಿಲ್ಲದೆ ಮೈ ತೊಳೆದುಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತು. ಮೈಸೂರಿನಲ್ಲಿ ಅದು ಬಂದ ಬಗೆಯೂ ಸ್ವಾರಸ್ಯವಾದುದು. 1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಗಿ, ನಮ್ಮ ಶ್ರೀಗಂಧದ ಕೊರಡುಗಳು ಹೊರದೇಶಕ್ಕೆ ಸಾಗದೆ ಬಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ತೆಗೆಯುವ ಉದ್ಯಮಕ್ಕೆ ಕೈಹಾಕಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಆ ಎಣ್ಣೆಯನ್ನು ಸಾಬೂನಿಗೆ ಹೊಂದಿಸುವ ಹದ ಕಂಡುಹಿಡಿದರು. 1918ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಆನೆಯ ತಲೆ, ಸಿಂಹದ ಒಡಲುಳ್ಳ ಶರಭ ಅದರ ಮುದ್ರೆಯಾಯಿತು. ಅರಸನ ವಿಲೇಪನಕ್ಕೆ ಮೀಸಲಾಗಿದ್ದ ಗಂಧ ಮಧ್ಯಮ ವರ್ಗದವರ ಬಚ್ಚಲಿಗೆ ಇಳಿದುಬಂತು. ಇದು ಸಣ್ಣ ಸಂಗತಿಯಲ್ಲ.

ಆದರೆ ಸಾಬೂನಿನ ಜೊತೆಗೆ ಇನ್ನೊಂದು ಸರಕೂ ಹಡಗಿನಲ್ಲಿ ಬಂದಿತ್ತು. 1888ರಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೆ ಬಂದಿಳಿದವು. ಅದೇ ದಶಕದಲ್ಲಿ ಪಿಯರ್ಸ್ ಸಾಬೂನಿನವರು ತಮ್ಮ ದೇಶದಲ್ಲಿ ಒಂದು ಜಾಹೀರಾತು ಹೊರಡಿಸಿದರು. ತೊಟ್ಟಿಯಲ್ಲಿ ಕುಳಿತ ಕಪ್ಪು ಬಾಲಕನಿಗೆ ಬಿಳಿಯ ಬಾಲಕ ಸ್ನಾನ ಮಾಡಿಸುತ್ತಾನೆ. ಎರಡನೆಯ ಚಿತ್ರದಲ್ಲಿ ಆ ಕಪ್ಪು ಹುಡುಗನ ಮೈ ಕುತ್ತಿಗೆಯವರೆಗೆ ಬೆಳ್ಳಗಾಗಿದೆ! ಕೊಳೆ ಬೇರೆ, ಕಪ್ಪು ಬೇರೆ ಎಂಬ ಸಾಮಾನ್ಯ ವಿವೇಕವನ್ನು ಆ ಚಿತ್ರ ಅಳಿಸಿಹಾಕಿತು. ಶುಚಿಯೆಂದರೆ ಬಿಳುಪು, ಕಪ್ಪೆಂದರೆ ತೊಳೆಯದ್ದು ಎಂಬ ಅರ್ಥ ಸಾಮ್ರಾಜ್ಯದ ಸರಕಿನೊಂದಿಗೆ ಊರೂರು ತಿರುಗಿತು.

ಹಾಗೆಂದು ನಮ್ಮವರು ಮೊದಲು ಬಣ್ಣದ ಭೇದವನ್ನೇ ಅರಿಯದ ಮುಗ್ಧರೆಂದು ಹೇಳಿದರೆ ಸುಳ್ಳಾದೀತು. ಹೊಂಬಣ್ಣದ ನಾಯಕಿಯರು ನಮ್ಮ ಕಾವ್ಯಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ದ್ರೌಪದಿಗೆ ಕೃಷ್ಣೆಯೆಂದೇ ಹೆಸರು, ರಾಮನೂ ಶ್ಯಾಮಲವರ್ಣದವನೇ. ನಮ್ಮ ಆಡುನುಡಿಯಲ್ಲಿ 'ಎಣ್ಣೆಗೆಂಪು' ಎಂಬ ಚೆಲುವಾದ ಮಾತಿದೆ. ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ, ಎಣ್ಣೆಯ ಮಿರುಗು ಕೂಡಿದ ಮೈಬಣ್ಣ ಅದು. ಹೆಸರಿಟ್ಟವರ ಕಣ್ಣು ಬಣ್ಣದ ಅಳತೆಗಿಂತ ಮೈಯ ಕಾಂತಿಯನ್ನು ನೋಡಿತ್ತು. ಇಂದಿನ ವಧೂವರರ ಅಂಕಣಗಳಲ್ಲಿ ಆ ಮಾತನ್ನು ಹುಡುಕಿದರೆ ಸಿಗುವುದು ಕಷ್ಟ.

ಅಲ್ಲಿಗೆ ನನ್ನ ವಿದ್ಯಾರ್ಥಿನಿಯ ಪ್ರಶ್ನೆ. ಚರಕಸಂಹಿತೆಯಲ್ಲಿ 'ವರ್ಣ್ಯ'ವೆಂಬ ಹತ್ತು ದ್ರವ್ಯಗಳ ಗುಂಪಿದೆ. ಶ್ರೀಗಂಧ, ಲಾವಂಚ, ಮಂಜಿಷ್ಠ, ಸೊಗದೆ ಮೊದಲಾದವು ಅದರಲ್ಲಿ ಸೇರಿವೆ. ಅಂಗಡಿಯ ಡಬ್ಬಿಗಳ ಮೇಲೆ ಇವನ್ನೇ ಬಿಳುಪಿನ ಮೂಲಿಕೆಗಳೆಂದು ಬರೆಯುವುದುಂಟು. ವರ್ಣ್ಯವೆಂದರೆ ವರ್ಣಕ್ಕೆ ಹಿತವಾದುದು. ಬಿಳಿಯ ವರ್ಣ ಕೊಡುವಂಥದೆಂದು ಆ ಪದಕ್ಕೆ ಅರ್ಥವಿಲ್ಲ. ಯಾವ ವರ್ಣಕ್ಕೆ? ಇದಕ್ಕೂ ಅದೇ ಗ್ರಂಥದ ಇಂದ್ರಿಯಸ್ಥಾನದಲ್ಲಿ ಉತ್ತರವಿದೆ. ಕೃಷ್ಣ, ಶ್ಯಾಮ, ಶ್ಯಾಮಾವದಾತ, ಅವದಾತ, ಅಂದರೆ ಕಪ್ಪು, ಶ್ಯಾಮಲ, ಶ್ಯಾಮಲ ಬೆರೆತ ಗೌರ, ಗೌರ, ಇವು ಶರೀರದ ಪ್ರಕೃತಿವರ್ಣಗಳು. ಪಟ್ಟಿಯ ಮೊದಲಿಗೇ ಕಪ್ಪು. ವಿಕೃತಿಯ ವರ್ಣಗಳನ್ನು ಹೇಳುವಾಗ ನೀಲಿ, ತಾಮ್ರ, ಹಸಿರುಗಳ ಜೊತೆಗೆ ಬಿಳಿಯೂ ಬರುತ್ತದೆ. ಆ ಭಾಗದ ವಿಷಯವೇ ಸಾವಿನ ಮುನ್ಸೂಚನೆಗಳು. ಮನುಷ್ಯನ ಹುಟ್ಟುಬಣ್ಣ ಬದಲಾದರೆ ವೈದ್ಯ ಎಚ್ಚರಗೊಳ್ಳಬೇಕು! ನಾವಾದರೋ ಅದು ಬದಲಾಗಲೆಂದು ಹಣ ಕೊಡುತ್ತಿದ್ದೇವೆ.

1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಪ್ರಸಿದ್ಧ ಮುಲಾಮೊಂದು ತನ್ನ ಹೆಸರಿನಲ್ಲಿದ್ದ 'ಬಿಳುಪ'ನ್ನು 2020ರಲ್ಲಿ ಕೈಬಿಟ್ಟು 'ಹೊಳಪ'ನ್ನು ಹಿಡಿಯಿತು. ಹೆಸರು ಹೋಯಿತು, ಆಸೆ ಉಳಿಯಿತು. ಇದಕ್ಕಿಂತ ಅಪಾಯವಾದುದು ಸ್ಟಿರಾಯ್ಡ್ ಬೆರೆತ ಮುಲಾಮುಗಳು. ಇಸುಬಿನಂಥ ರೋಗಗಳಿಗೆ ವೈದ್ಯರು ಅಳೆದು ಕೊಡುವಾಗ ಅವು ಒಳ್ಳೆಯ ಔಷಧಗಳೇ. ಬಿಳುಪಿಗೆಂದು ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಚರ್ಮ ತೆಳುವಾಗುತ್ತದೆ. ಮುಲಾಮು ಬಿಟ್ಟೊಡನೆ ಉರಿ, ಗುಳ್ಳೆ ಮೇಲೇಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ನಿಯಮ ಕಾಗದದಲ್ಲಿದ್ದರೂ ನನ್ನ ವಿದ್ಯಾರ್ಥಿನಿಗೆ ಚೀಟಿಯಿಲ್ಲದೆಯೇ ಮುಲಾಮು ಸಿಕ್ಕಿತ್ತು.

ಹಾಗಾದರೆ ಅಜ್ಜಿಯ ಬಚ್ಚಲಿಗೇ ಹಿಂದಿರುಗೋಣವೇ? ಅಲ್ಲಿಂದ ತರಬೇಕಾದ್ದು ಉಂಟು, ಬಿಡಬೇಕಾದ್ದೂ ಉಂಟು. ಒಣಚರ್ಮಕ್ಕೆ ಎಣ್ಣೆ ಹಿತ; ಮೊಡವೆಯ ಮುಖಕ್ಕೆ ಅದೇ ಎಣ್ಣೆ ಕೇಡು ಮಾಡಬಹುದು. ಸಾಬೂನು ಕ್ಷಾರ, ಚರ್ಮದ ಮೇಲ್ಪದರ ತುಸು ಆಮ್ಲ. ಪದೇ ಪದೇ ತಿಕ್ಕಿ ತೊಳೆದರೆ ಮೈಯ ಸ್ವಂತ ಜಿಡ್ಡೂ ಹೋಗಿ ಚರ್ಮ ಬಿರಿಯುತ್ತದೆ. ಪ್ರಕೃತಿಯ ವಸ್ತುವೆಂದು ನಿಂಬೆರಸ ಬಳಿದುಕೊಂಡು ಬಿಸಿಲಿಗೆ ಹೋದವರ ಮುಖ ಬೊಬ್ಬೆಯೆದ್ದದ್ದುಂಟು. ಹೊತ್ತಿಗೆ ಸರಿಯಾದ ಊಟ, ನಿದ್ದೆ, ನಡುಹಗಲ ಬಿಸಿಲಿನಲ್ಲಿ ಒಂದು ಕೊಡೆ, ಹದವಾದ ನೀರು, ಬೇಕಾದಷ್ಟೇ ಸಾಬೂನು, ಕಾಯಿಲೆಯಾದರೆ ವೈದ್ಯರು. ಇಷ್ಟಕ್ಕೆ ಆರೋಗ್ಯವಂತ ಚರ್ಮ ತನ್ನ ಹುಟ್ಟುಬಣ್ಣದಲ್ಲೇ ತಿಳಿಯಾಗಿ ನಿಲ್ಲುತ್ತದೆ. ಆ ಬಣ್ಣವನ್ನು ಕೊಡುವ ಮೆಲನಿನ್ ಎಂಬ ವಸ್ತುವೇ ಬಿಸಿಲಿನ ಏಟಿಗೆ ನಮ್ಮ ಗುರಾಣಿ. ಅಜ್ಜಿಯ ಕೈಯಲ್ಲಿ ಔಷಧವಿತ್ತೋ ಇಲ್ಲವೋ, ಮಗುವಿನ ಮೈಯನ್ನು ಅದು ಇರುವಂತೆಯೇ ಒಪ್ಪಿ ತಿಕ್ಕುವ ಅಕ್ಕರೆಯಂತೂ ಇತ್ತು. ಕಪ್ಪು ಮೊಮ್ಮಗಳಿಗೆ ಒಂದು ಹಿಡಿ ಕಡಲೆಹಿಟ್ಟು ಹೆಚ್ಚು ಎಂಬ ಲೆಕ್ಕವನ್ನು ನಾನು ಅಲ್ಲಿ ಕಾಣಲಿಲ್ಲ. ಕಪ್ಪು ಮೊಮ್ಮಗಳು ನಾನೇ.

ತಿಂಗಳ ಬಳಿಕ ಆ ಹುಡುಗಿ ಮತ್ತೆ ಬಂದಳು. ವೈದ್ಯರು ಮುಲಾಮನ್ನು ಬಿಡಿಸುತ್ತಿದ್ದಾರೆ, ಮುಖ ಮೊದಲಿನಂತಾಗಲು ಇನ್ನೂ ಕೆಲವು ತಿಂಗಳು ಬೇಕಂತೆ. ಚರಕನ ನಾಲ್ಕು ವರ್ಣಗಳ ವಿಷಯವನ್ನು ಓದಿ ಹೇಳಿದೆ. ಗಮನವಿಟ್ಟು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದು ಮುಗಿಸಿ, "ಇದನ್ನು ನಮ್ಮ ಅಮ್ಮನಿಗೂ, ಮಾಘದಲ್ಲಿ ಬರುವವರಿಗೂ ಯಾರು ಓದಿ ಹೇಳುತ್ತಾರೆ ಮೇಡಂ?" ಎಂದಳು.

ನನ್ನ ಪುಸ್ತಕಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಅವರ ಮನೆಗೆ ಭಾನುವಾರದ ಪತ್ರಿಕೆ ಬರುತ್ತದಂತೆ.